ಮತ್ತೆ ಸೊನ್ನೆಯಿಂದ

ಈ ಬಯಲಲ್ಲಿ ಮರೆ ಎಂಬುದೇ ಇಲ್ಲ;
ಎದ್ದು ನಿಂತವನೇ ಎತ್ತರ.
ಸಸ್ಕಾಚೆವಾನಿನ ಸಿಡಿಲಿಗೆ ಅಷ್ಟು ವಿಳಾಸ ಸಾಕು.

ನಾನು ಅಕಾರ್ಡಿಯನ್ ಹಬ್ಬದ ಖಜಾಂಚಿ.
ಮಾರ್ಚ್ ಸಭೆಯಲ್ಲಿ, ಹೊರಗಿನ್ನೂ ಮೊಣಕಾಲುದ್ದ ಹಿಮ ಇದ್ದಾಗ,
"ಹನ್ನೊಂದು ಸ್ಕೂಲ್ ಬಸ್ಸು ಸುಮ್ಮನೆ ನಿಲ್ಲಿಸಿಕೊಳ್ಳೋದಕ್ಕೆ
ಬಾಡಿಗೆ ಯಾಕೆ ಕೊಡಬೇಕು?" ಅಂದವನು ನಾನೇ.
ದಾರ್ಕಾ ಪನಾಸ್ಯುಕ್ ಕನ್ನಡಕ ಒರೆಸಿಕೊಂಡಳು.
ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈ, ಅವಸರವಿಲ್ಲ.
"ಡೇರೆ ನೆರಳಿಗೆ," ಅಂದಳು. "ಸಿಡಿಲಿಗಲ್ಲ."
ಅಷ್ಟೇ. ನಿರ್ಣಯ ಅಂಗೀಕಾರ.
ನಾನೊಬ್ಬ ಕೈ ಎತ್ತಲಿಲ್ಲ.

ಅವಳ ಹತ್ತಿರ ನೀಲಿ ರಟ್ಟಿನ ಪುಸ್ತಕವೊಂದಿದೆ.
ಗೂಟ ಎಷ್ಟು, ಯಾವುದರ ಬುಡದಲ್ಲಿ ಮಣ್ಣು ಸಡಿಲ,
ಗಾಲಿಕುರ್ಚಿಯವರು ಎಷ್ಟು ಜನ, ತಳ್ಳುವವರ ಹೆಸರೇನು,
ಗಾಳಿ ಎಷ್ಟಾದರೆ ಪರದೆ ಇಳಿಸಬೇಕು,
ಎಷ್ಟಾದರೆ ಮನುಷ್ಯರನ್ನು.
ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಒಂದೇ ಮಾತು:
ನಿಲ್ಲಿಸಿ ಅನ್ನುವವರು ಒಬ್ಬರೇ. ಯಾಕೆ ಅಂತ
ಆಗ ಕೇಳಬಾರದು. ಆಮೇಲೆ ಕೇಳಿ, ಕಾಫಿ ಕುಡೀತಾ.

ಜುಲೈ. ಶನಿವಾರ. ನಾಲ್ಕು ಗಂಟೆ.
ಪಡುವಣದಲ್ಲಿ, ಕಾಳಿನ ಕಣಜದ ಗೋಪುರದ ಹಿಂದೆ,
ಆಕಾಶ ಪೆಟ್ಟು ಬಿದ್ದ ಮೊಣಕೈ ಬಣ್ಣಕ್ಕೆ ತಿರುಗಿತ್ತು.
ಕನೋಲಾ ಹೊಲ ಮಾತ್ರ ಹಳದಿ, ವಿಪರೀತ ಹಳದಿ.
ಸಾಸೇಜು ಸುಡುವ ಹೊಗೆ ಒಮ್ಮೆಲೇ ದಿಕ್ಕು ಬದಲಿಸಿ
ನಮ್ಮ ಕಣ್ಣಿಗೇ ಬಂತು.
ಮಿಂಚು.
ದಾರ್ಕಾಳ ತುಟಿ ಅಲುಗತೊಡಗಿತು, ಜಪಕ್ಕೆ ಕೂತವರ ಹಾಗೆ:
ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು,
ಗುಡುಗು.
ಮೂವತ್ತರ ಒಳಗೆ ಬಂದಿತ್ತು.
ಸೀಟಿ ಊದಿದಳು.

ವೇದಿಕೆಯಲ್ಲಿ ಎಂಬತ್ತನಾಲ್ಕರ ಒನುಫ್ರಿ
ಕಣ್ಣು ಮುಚ್ಚಿ ಪೋಲ್ಕಾ ನುಡಿಸುತ್ತಿದ್ದ;
ಸೀಟಿ ಅವನಿಗೆ ತಾಳ ತಪ್ಪಿದ ಯಾವುದೋ ಕೊಳಲು.
"ಇನ್ನೊಂದೇ ಸುತ್ತು," ಅಂದ.
ಅವಳು ವಾದಕ್ಕೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ
ತಿದಿಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಒತ್ತಿ ಮುಚ್ಚಿ,
ಮಗುವಿನ ಅಂಗಿಗೆ ಹಾಕುವ ಹಾಗೆ
ಪಟ್ಟಿಯ ಗುಂಡಿ ಹಾಕಿದಳು.
ಅರ್ಧ ಸ್ವರ ಒಳಗೇ ಉಳಿಯಿತು.

ಆರುನೂರು ಜನ, ಹನ್ನೊಂದು ಬಸ್ಸು, ಏಳು ನಿಮಿಷ.
ಗಡಿಯಾರ ನನ್ನ ಕೈಯಲ್ಲೇ ಇತ್ತು, ಅದಕ್ಕೇ ಹೇಳುತ್ತೇನೆ.

ಆಮೇಲೆ ಬಂದದ್ದು ಮಳೆಯಲ್ಲ, ಗೋಡೆ.
ಒರೆಸುಕಡ್ಡಿಯ ನಡುವೆ ಕಂಡಷ್ಟೇ ಕಂಡದ್ದು:
ಎರಡನೇ ಡೇರೆ ಒಂಟೆಯಂತೆ ಮಂಡಿಯೂರಿ
ಖಾಲಿ ಕುರ್ಚಿಗಳ ಮೇಲೆ ಮಲಗಿತು.

ಕಷ್ಟ ಅದಲ್ಲ.
ಕಷ್ಟ ಶುರುವಾದದ್ದು ಬಿಸಿಲು ಬಂದ ಮೇಲೆ.
ಕೊನೆಯ ಗುಡುಗಿನಿಂದ ಅರ್ಧ ಗಂಟೆ ಯಾರೂ ಇಳಿಯುವ ಹಾಗಿಲ್ಲ.
ಕಿಟಕಿಯಾಚೆ ಹುಲ್ಲು ಹೊಳೆಯುತ್ತಿದೆ, ಕಾಮನಬಿಲ್ಲೂ ಉಂಟು,
ಬಸ್ಸಿನೊಳಗೆ ಒದ್ದೆ ಬೂಟು, ಪಿರೋಹಿಯ ಈರುಳ್ಳಿ,
ಮಕ್ಕಳಿಗೆ ಉಚ್ಚೆ, ದೊಡ್ಡವರಿಗೆ ಸಿಟ್ಟು.
"ಬಿಸಿಲಿದೆಯಲ್ಲಮ್ಮಾ!" ಹಿಂದಿನ ಸೀಟಿನಿಂದ ಯಾರೋ.
ಬಾಗಿಲ ಹಿಡಿಕೆಯ ಮೇಲೆ ಅವಳ ಕೈ.
ಇಪ್ಪತ್ತೊಂದು ನಿಮಿಷ. ಇಪ್ಪತ್ತೆರಡು.
ನಾನೇ ಎದ್ದು ಚೀಲ ಹೆಗಲಿಗೇರಿಸಿದ್ದೆ.
ಆಗ ಎಲ್ಲೋ ದೂರ, ಪಕ್ಕದ ಕೋಣೆಯಲ್ಲಿ
ಯಾರೋ ಪೆಟ್ಟಿಗೆ ಎಳೆದ ಹಾಗೆ
ಗುಡು—
"ಮತ್ತೆ ಸೊನ್ನೆಯಿಂದ," ಅಂದಳು ದಾರ್ಕಾ.

ಯಾರೂ ಬೈಯಲಿಲ್ಲ ಅಂತ ಬರೆದರೆ ಸುಳ್ಳಾದೀತು.
ಬೈದರು. ನಾನೂ ಬೈದೆ, ಸ್ವಲ್ಪ ಜೋರಾಗೇ.
ಮುಂದಿನ ಸೀಟಿನಲ್ಲಿ ಒನುಫ್ರಿ, ತೊಡೆಯ ಮೇಲೆ ಮುಚ್ಚಿದ ತಿದಿ,
ಬೆರಳು ಮಾತ್ರ ಮನೆಯಿಂದ ಮನೆಗೆ ಓಡುತ್ತಿತ್ತು:
ಟಿಕ್ ಟಿಕ್ ಟಿಟಿಕ್ ಟಿಕ್
ಗಾಳಿಯೇ ಇಲ್ಲದ ಪೋಲ್ಕಾ.
ಹಲ್ಲು ಬಿದ್ದ ಹುಡುಗಿಯೊಬ್ಬಳು ಅದಕ್ಕೆ ಕಾಲು ಕುಣಿಸಿದಳು.
ಚೀಲ ಕೆಳಗಿಟ್ಟು ಗಡಿಯಾರ ನೋಡಿದೆ.
ಇನ್ನೂ ಇಪ್ಪತ್ತೊಂಬತ್ತು.